ಮೆಹಕರದಲ್ಲೊಂದು ಆದರಣೆ ಕೂಟ

ಬೀದರಿಗೆ ಬಂದವರು ಕೋಟೆ ನೋಡುತ್ತಾರೆ, ಗವಾನನ ಮದರಸಾ ನೋಡುತ್ತಾರೆ, ಅಷ್ಟೂರಿನ ಗುಂಬಜ್‌ಗಳು, ನಾನಕ್ ಝೀರಾ, ಎದೆಮಟ್ಟ ನೀರಿನಲ್ಲಿ ನಡೆದು ಮುಟ್ಟಬೇಕಾದ ಝರಣಿ ನರಸಿಂಹನನ್ನು ನೋಡುತ್ತಾರೆ. ಮಂಗಲಪೇಟೆಯ ಮೆಥೋಡಿಸ್ಟ್ ಚರ್ಚು ಯಾರ ಪಟ್ಟಿಯಲ್ಲೂ ಇರುವುದಿಲ್ಲ. ನಾನೂ ಅದನ್ನು ನೋಡಲೆಂದು ಹೊರಟವನಲ್ಲ. ಭಾಲ್ಕಿ ತಾಲ್ಲೂಕಿನ ಮೆಹಕರದಲ್ಲಿ ಒಂದು ಸಾವಾಗಿತ್ತು. ನನ್ನ ಜೊತೆ ಪಾಠ ಹೇಳುವ ಗೆಳೆಯರ ತಮ್ಮ, ಮೂವತ್ತು ದಾಟದ ಹುಡುಗ. ಮಣ್ಣಿಗೆ ಹೋಗಲು ಆಗಿರಲಿಲ್ಲ. ಆದರಣೆ ಕೂಟಕ್ಕಾದರೂ, ಸಾಂತ್ವನದ ಪ್ರಾರ್ಥನೆಗಾದರೂ ಬರ್ರಿ ಎಂದು ಗೆಳೆಯರು ಫೋನು ಮಾಡಿದ್ದರು. ಮಂಗಲಪೇಟೆಯ ಚರ್ಚಿನ ಮುಂದೆ ನಿಂತಿದ್ದರೆ ಪಾಸ್ಟರ್ ಸಾಹೇಬರು ತಮ್ಮ ಗಾಡಿಯಲ್ಲಿ ಕರೆತರುವರೆಂದು ಗೊತ್ತುಮಾಡಿದ್ದರು.

ಹೇಳಿದ ಹೊತ್ತಿಗಿಂತ ಮೊದಲೇ ಬಸ್ಸು ತಂದು ಇಳಿಸಿತ್ತು. ಸುಮ್ಮನೆ ಕೂರಲಾರದೆ ಹಳೆ ಊರೊಳಗೆ ನಡೆದು ಮದರಸಾದ ಎದುರು ನಿಂತೆ. ಬಹಮನಿ ವಜೀರ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ವಿದ್ಯಾಲಯ. ಎರಡು ಮಿನಾರುಗಳಲ್ಲಿ ಒಂದೇ ಉಳಿದಿದೆ, ಮುಂಭಾಗದ ಒಂದು ಪಾಲು ಪೂರ್ತಿ ಇಲ್ಲ. ಉಳಿದ ಗೋಡೆಯ ಮೇಲೆ ಅಲ್ಲಲ್ಲಿ ನೀಲಿ, ಹಸಿರು ಬಿಲ್ಲೆಗಳು ಇನ್ನೂ ಮಿರುಗುತ್ತವೆ. ಔರಂಗಜೇಬನ ಆಳ್ವಿಕೆಯಲ್ಲಿ ಇಲ್ಲಿ ಮದ್ದು ತುಂಬಿಸಿ ಇಟ್ಟಿದ್ದರು, 17ನೇ ಶತಮಾನದ ಕೊನೆಗೆ ಅದು ಸಿಡಿದು ಕಟ್ಟಡ ಸೀಳಿತು. ಸಿಡಿಲು ಬಡಿದದ್ದರಿಂದಲೇ ಹೊತ್ತಿಕೊಂಡಿತೆಂದು ಊರಿನಲ್ಲಿ ಹೇಳುತ್ತಾರೆ. ಇರಬಹುದು. ಸಿಡಿಲು ಯಾರ ಕೈಯಲ್ಲೂ ಇಲ್ಲ. ಆದರೆ ಓದುವ ಜಾಗದಲ್ಲಿ ಮದ್ದಿನ ಮೂಟೆ ಒಟ್ಟಿದ್ದು ಮನುಷ್ಯರು.

ಕಟ್ಟಿಸಿದವನ ಗತಿಯೂ ಹಾಗೆಯೇ. 1481ರಲ್ಲಿ ವೈರಿಗಳು ಅವನ ಮೊಹರು ಒತ್ತಿದ ಖೋಟಾ ಪತ್ರವೊಂದನ್ನು ಸೃಷ್ಟಿಸಿದರು. ಕುಡಿದ ಅಮಲಿನಲ್ಲಿದ್ದ ಮೂರನೆಯ ಮಹಮ್ಮದ್ ಷಾ ವಿಚಾರಣೆಯಿಲ್ಲದೆ ತಲೆ ತೆಗೆಸಿದ. ಎಪ್ಪತ್ತು ದಾಟಿದ, ರಾಜ್ಯಕ್ಕೆ ನಿಷ್ಠೆಯಿಂದ ದುಡಿದ ಮುದುಕ. ಸತ್ಯ ತಿಳಿದ ಮೇಲೆ ಸುಲ್ತಾನ ಕೊರಗಿದ, ಮರುವರ್ಷವೇ ತೀರಿಕೊಂಡ. ಗವಾನನ ಸಾವನ್ನು ವಿಧಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಪತ್ರ ಬರೆದ ಕೈಗಳಿದ್ದವು, ಆಜ್ಞೆ ಕೊಟ್ಟ ಬಾಯಿ ಇತ್ತು.

ಪಾಸ್ಟರ್ ಸಾಹೇಬರ ಓಮ್ನಿ ಬಂತು. ಅರವತ್ತು ದಾಟಿದ ಮನುಷ್ಯ, ಬಿಳಿ ಅಂಗಿ, ಪಕ್ಕದ ಸೀಟಿನ ಮೇಲೆ ಕನ್ನಡ ಬೈಬಲ್ಲು, ಅದರ ಮೇಲೆ ಕನ್ನಡಕದ ಡಬ್ಬಿ. "ಭಾಳ ಹೊತ್ತಾಯ್ತೇನ್ರಿ ಸರ್ ನಿಂತು? ಗಾಡಿ ಪಂಚರ್ ಆಗಿತ್ತು" ಎಂದರು. ನಿವೃತ್ತಿಯಾಗಿ ವರ್ಷಗಳಾಗಿವೆ, ಹಳ್ಳಿಯವರು ಬಿಡಬೇಕಲ್ಲ. ಹುಟ್ಟಿಗೆ, ಮದುವೆಗೆ, ಸಾವಿಗೆ ಅವರನ್ನೇ ಕರೆಯುತ್ತಾರೆ.

ನೌಬಾದ್ ದಾಟಿ ಭಾಲ್ಕಿಯತ್ತ ಹೊರಳಿದ ಮೇಲೆ ನೆಲದ ಬಣ್ಣ ಬದಲಾಗುತ್ತ ಹೋಗುತ್ತದೆ. ಬೀದರ್ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ದಿಬ್ಬದ ಮೇಲೆ. ಇಳಿದರೆ ಎರೆಭೂಮಿ. ಮಳೆಗಾಲ ಮುಗಿಯುತ್ತ ಬಂದಿತ್ತು. ಸೋಯಾ ರಾಶಿ ನಡೆದಿತ್ತು, ತೊಗರಿ ಮೊಗ್ಗು ಕಟ್ಟಿತ್ತು. ರಸ್ತೆಯ ಅಂಚಿಗೆ ತಾಡಪತ್ರಿ ಹಾಸಿ ಕಾಳು ಒಣಗಿಸಿದ್ದರು. ಓಮ್ನಿ ಅವುಗಳನ್ನು ತಪ್ಪಿಸಿಕೊಂಡು ಹಾವಿನ ಹಾಗೆ ಸರಿಯಿತು.

ದಾರಿಯುದ್ದಕ್ಕೂ ಪಾಸ್ಟರರು ತಮ್ಮವರ ಕಥೆ ಹೇಳಿದರು. ಅಮೆರಿಕದ ಮೆಥೋಡಿಸ್ಟ್ ಬೋಧಕ ವಿಲಿಯಂ ಟೇಲರ್ 1870ರ ದಶಕದಲ್ಲಿ ಮುಂಬೈ, ಮದ್ರಾಸು, ಬೆಂಗಳೂರುಗಳಲ್ಲಿ ಸಭೆಗಳನ್ನು ಎಬ್ಬಿಸಿದ್ದ. ಅವನ ಹಿಂದೆ ಬಂದವರು ನಿಜಾಮನ ರಾಜ್ಯಕ್ಕೂ ಕಾಲಿಟ್ಟು, ಶತಮಾನದ ಕೊನೆಯ ಹೊತ್ತಿಗೆ ಬೀದರಿನಲ್ಲಿ ನೆಲೆಯೂರಿದರು. ಆ ವರ್ಷಗಳು ಎಂಥವೆಂದರೆ, 1896-97ರಲ್ಲಿ ಒಂದು ಬರ, ಅದರ ಪೆಟ್ಟು ಮಾಯುವ ಮುನ್ನ 1899-1900ರಲ್ಲಿ ಇನ್ನೊಂದು, ನಡುವೆ ಪ್ಲೇಗು. ಸಭೆಗೆ ಸೇರಿದವರಲ್ಲಿ ಹೆಚ್ಚಿನವರು ಊರ ಹೊರಗಿನ ಕೇರಿಯವರು. ಮಿಶನರಿಗಳ ಕಥೆಯನ್ನು ನಮ್ಮಲ್ಲಿ ಎರಡೇ ಥರ ಹೇಳುವ ರೂಢಿ. ಒಂದರಲ್ಲಿ ಅವರು ದೇವದೂತರು, ಇನ್ನೊಂದರಲ್ಲಿ ಹಿಟ್ಟು ತೋರಿಸಿ ಜಾತಿ ಕೆಡಿಸಿದ ಮೋಸಗಾರರು. ಎರಡರಲ್ಲೂ ಆ ಕೇರಿಯ ಮುತ್ಯಾಗಳ ಬುದ್ಧಿಗೆ ಜಾಗವೇ ಇಲ್ಲ. ಹಸಿವೆ ಏನು, ಮರ್ಯಾದೆ ಏನು, ದೇವರು ಏನು ಎಂಬುದು ಅವರಿಗೆ ಬೇರೆಬೇರೆಯಾಗಿ ಗೊತ್ತಿತ್ತು ಅಂತ ನನ್ನ ಅನಿಸಿಕೆ.

"ನಮ್ಮ ಮುತ್ಯಾ ಧಾರೂರ ಜಾತ್ರಿಗಿ ಬಂಡಿ ಕಟಗೊಂಡು ಹೋಗ್ತಿದ್ದ್ರಿ" ಎಂದರು. ವಿಕಾರಾಬಾದಿನ ಹತ್ತಿರದ ಧಾರೂರಿನಲ್ಲಿ 1923ರಿಂದ ಪ್ರತಿ ನವೆಂಬರಿನಲ್ಲಿ ನಡೆಯುವ ಮೆಥೋಡಿಸ್ಟರ ಜಾತ್ರೆ ಅದು. ತೆಲಂಗಾಣ, ಕರ್ನಾಟಕ, ಮಹಾರಾಷ್ಟ್ರದಿಂದ ಇವತ್ತಿಗೂ ಜನ ಟ್ರ್ಯಾಕ್ಟರು, ಟೆಂಪೋ ಮಾಡಿಕೊಂಡು ಹೋಗಿ ಬಯಲಲ್ಲಿ ಡೇರೆ ಹಾಕಿ ಉಳಿಯುತ್ತಾರೆ. ಜಾತ್ರೆ ಎಂಬ ಮಾತನ್ನು ಅವರು ಬಿಟ್ಟುಕೊಟ್ಟಿಲ್ಲ, ಹರಕೆಯನ್ನೂ ಬಿಟ್ಟಿಲ್ಲ. 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆಯನ್ನು ಮೂರು ಕಡೆ ಹಂಚಿದರು. ಉದಗೀರ, ನಿಲಂಗಾ, ಅಹಮದಪುರ ಮರಾಠಿಯ ಕಡೆಗೆ, ಜಹೀರಾಬಾದ್, ನಾರಾಯಣಖೇಡ ತೆಲುಗಿನ ಕಡೆಗೆ, ಉಳಿದದ್ದು ನಮಗೆ. ಹೀಗಾಗಿ ಒಂದೇ ಮನೆತನ ಮೂರು ರಾಜ್ಯದಲ್ಲಿ ಹರಡಿಕೊಂಡಿದೆ. ಅಜ್ಜಿ ಸತ್ತರೆ ಮೂರು ಭಾಷೆಯಲ್ಲಿ ಅಳುತ್ತಾರೆ.

ಭಾಲ್ಕಿಯಲ್ಲಿ ಚಹಾ ಕುಡಿದೆವು. ನನಗೆ ಆ ಊರೆಂದರೆ ಹಿರೇಮಠದ ಚನ್ನಬಸವ ಪಟ್ಟದ್ದೇವರು. ನಿಜಾಮನ ಆಡಳಿತದಲ್ಲಿ ಹೊರಗೆ ಉರ್ದು ಹಲಗೆ ತೂಗಿಸಿ ಒಳಗೆ ಕನ್ನಡ ಕಲಿಸಿದವರು. ಪಾಸ್ಟರರಿಗೂ ಅವರೆಂದರೆ ಗೌರವ. "ಅವರು ಇಲ್ಲದಿದ್ರ ಈ ಬೈಬಲ್ಲು ನನಗ ಓದ್ಲಿಕ್ಕೆ ಬರ್ತಿದ್ದಿಲ್ಲ, ತೆಲುಗೋ ಮರಾಠಿಯೋ ಓದ್ತಿದ್ದೆ" ಎಂದು ನಕ್ಕರು. ಹಾಗೆ ನೋಡಿದರೆ ಕನ್ನಡ ಬೈಬಲ್ಲಿನ ಮೊದಲ ಹೆಣಗಾಟವೆಲ್ಲ ಬಳ್ಳಾರಿಯದು. 1810ರಲ್ಲಿ ಅಲ್ಲಿಗೆ ಬಂದ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು 1831ರ ಹೊತ್ತಿಗೆ ಪೂರ್ತಿ ಮುಗಿಸಿದರು. ಅದು ಇತ್ತ ಗಡಿಯವರೆಗೆ ಬಂದು ನಿಲ್ಲಲು ಒಬ್ಬ ಲಿಂಗಾಯತ ಸ್ವಾಮಿಯ ಹಟವೂ ಬೇಕಾಯಿತು.

ಮೆಹಕರ ಮಹಾರಾಷ್ಟ್ರದ ಗಡಿಗೆ ಹತ್ತಿರದ ಊರು. ಮಾಂಜ್ರಾ ಸೀಮೆ. ಆ ಕಡೆಯ ಧನೇಗಾಂವ್ ಅಣೆಕಟ್ಟೆಯಿಂದ ನೀರು ಬಿಟ್ಟರೆ ಈ ಕಡೆಯ ದಂಡೆಯ ಹೊಲಗಳು ಮುಳುಗುತ್ತವೆ, ಬಿಡದಿದ್ದರೆ ಹೊಳೆ ಒಣಗುತ್ತದೆ. ನಮ್ಮ ನೀರು ಯಾರದೋ ಗೇಟಿನ ಹಿಂದಿದೆ ಎಂಬುದನ್ನು ಇಲ್ಲಿಯ ಒಕ್ಕಲಿಗರು ಬೆಳಿಗ್ಗೆ ಎದ್ದು ಮೊಬೈಲ್ ನೋಡುವಾಗಲೇ ಅರಿತಿರುತ್ತಾರೆ. ಊರೊಳಗೆ ಮರಾಠಿ, ಕನ್ನಡ, ದಖನಿ ಒಂದರೊಳಗೊಂದು ಹೆಣೆದುಕೊಂಡ ಮಾತು.

ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಮೇಜಿನ ಮೇಲೆ ಹುಡುಗನ ಫೋಟೊ, ಮದುವೆಗೆಂದು ತೆಗೆಸಿದ್ದಿರಬೇಕು, ಕೋಟು ಹಾಕಿದ್ದ. ಗೆಳೆಯರು ಕೈ ಹಿಡಿದುಕೊಂಡರು, ಏನೂ ಮಾತಾಡಲಿಲ್ಲ. ಸತ್ತದ್ದು ಹೇಗೆಂದು ಪಕ್ಕದ ಕುರ್ಚಿಯವರಿಂದ ತಿಳಿಯಿತು. ನೀರು ಏರುತ್ತಿದೆ ಎಂದು ಸುದ್ದಿ ಬಂದಾಗ ಹೊಳೆದಂಡೆಯ ಪಂಪ್‌ಸೆಟ್ಟು ಎತ್ತಿ ತರಲು ಹೋಗಿದ್ದನಂತೆ. ಹೊಲದ ಬದುವಿನ ಮೇಲೆ ತಂತಿ ಜೋತುಬಿದ್ದಿತ್ತು. ಕತ್ತಲು, ಮಳೆ, ಹೆಗಲ ಮೇಲೆ ಕಬ್ಬಿಣದ ಪೈಪು.

ಕೂಟ ಹಾಡಿನಿಂದ ಶುರುವಾಯಿತು. ಡೋಲಕ್ಕು, ತಾಳ. ಮೊದಲು ಕನ್ನಡದ್ದು, ಆಮೇಲೆ ನಾರಾಯಣ ವಾಮನ ತಿಲಕರ ಮರಾಠಿ ಭಜನೆಯೊಂದು. ಚಿತ್ಪಾವನ ಬ್ರಾಹ್ಮಣರಾಗಿ ಹುಟ್ಟಿ 1895ರಲ್ಲಿ ಕ್ರೈಸ್ತರಾದ ತಿಲಕರು ಅಭಂಗದ ಧಾಟಿಯಲ್ಲೇ ಯೇಸುವನ್ನು ಹಾಡಿದವರು. ನಿಲಂಗಾದಿಂದ ಬಂದಿದ್ದ ಹೆಂಗಸರು ಕಣ್ಣು ಮುಚ್ಚಿ ಹಾಡಿದರೆ ಪಂಢರಪುರದ ದಿಂಡಿಯ ಜೊತೆ ನಡೆದಂತೆ ಅನಿಸುತ್ತಿತ್ತು. ಕೊನೆಗೆ ಜಹೀರಾಬಾದಿನವರ ತೆಲುಗು ಕೀರ್ತನೆ.

ಆಮೇಲೆ ಪಟ್ಟಣದಿಂದ ಬಂದಿದ್ದ ಬೋಧಕರೊಬ್ಬರು ಮೈಕು ಹಿಡಿದರು. ವಯಸ್ಸು ಚಿಕ್ಕದು, ಗಂಟಲು ದೊಡ್ಡದು. ಇದೆಲ್ಲ ದೇವರ ಚಿತ್ತ, ಮಣ್ಣಿನ ಮಡಕೆ ಕುಂಬಾರನನ್ನು ಪ್ರಶ್ನಿಸಬಾರದು, ತೋಟದ ಯಜಮಾನ ಚಂದದ ಹೂವನ್ನೇ ಮೊದಲು ಕೊಯ್ಯುತ್ತಾನೆ, ನಂಬಿದವರು ಅಳಬಾರದು ಎಂದರು. ಈ ಹೂವಿನ ಮಾತನ್ನು ನಾನು ಎಲ್ಲ ಜಾತಿ, ಎಲ್ಲ ಧರ್ಮದ ಸಾವಿನ ಮನೆಗಳಲ್ಲೂ ಕೇಳಿದ್ದೇನೆ. ಹೇಳುವವರ ಮುಖದಲ್ಲಿ ಪ್ರತಿ ಸಲವೂ ಕೆಲಸ ಮುಗಿಸಿದ ನಿರಾಳ ಇರುತ್ತದೆ.

ಮುಂದಿನ ಸಾಲಿನಲ್ಲಿ ಜಮಖಾನೆಯ ಮೇಲೆ ಕೂತಿದ್ದ ತಾಯಿ ಎದ್ದು ನಿಂತರು. ಸಣ್ಣ ಮೈಯ ಹೆಂಗಸು, ತಲೆಯ ತುಂಬ ಸೆರಗು. ದನಿ ಏರಿಸಲಿಲ್ಲ.

"ತಂತಿ ಜೋತು ಬಿದ್ದು ಎರಡ ಮಳಿಗಾಲ ಆಯ್ತ್ರಿ. ನನ್ನ ಮಗ ಮೂರ ಸಲ ಹೋಗಿ ಹೇಳಿ ಬಂದಾನ. ತಂತಿ ಅಲ್ಲಿ ಜೋತು ಬಿಟ್ಟದ್ದೂ ದೇವರ ಚಿತ್ತ ಏನ್ರಿ?"

ಬೋಧಕರು ಬೈಬಲ್ಲಿನ ಪುಟ ತಿರುವಿದರು. ಶಾಮಿಯಾನದ ಕೆಳಗೆ ಯಾರೂ ಕೆಮ್ಮಲಿಲ್ಲ. ಪಾಸ್ಟರ್ ಸಾಹೇಬರು ಕುರ್ಚಿಯಿಂದ ಇಳಿದು ಹೋಗಿ ಜಮಖಾನೆಯ ಮೇಲೆ ಆ ತಾಯಿಯ ಹತ್ತಿರ ಕೂತರು. ಬೈಬಲ್ಲು ತೆರೆಯಲಿಲ್ಲ. "ಅಲ್ಲ ತಂಗೆಮ್ಮ, ಅದು ದೇವರ ಚಿತ್ತ ಅಲ್ಲ" ಎಂದಷ್ಟೇ ಅಂದರು. ಮೈಕಿಲ್ಲದ ಆ ಮಾತು ಹಿಂದಿನ ಸಾಲಿನ ನಮಗೂ ಕೇಳಿತು.

ಆ ಒಂದು ಮಾತು ಹೇಳಲು ಒಬ್ಬ ಪಾಸ್ಟರ್‌ಗೆ ಎಷ್ಟು ಧೈರ್ಯ ಬೇಕೆಂದು ಹೊರಗಿನವನಾದ ನನಗೆ ಆಗ ಅಂದಾಜಾಗಲಿಲ್ಲ. ದೇವರ ಚಿತ್ತವಿಲ್ಲದೆ ಎಲೆಯೂ ಅಲುಗದು ಎಂಬುದು ನಾವೆಲ್ಲ ಕೇಳಿ ಬೆಳೆದ ಮಾತು. ನಮ್ಮ ಶರಣರ ಮನೆಯಲ್ಲಿ ಬಂದದ್ದೆಲ್ಲ ಪ್ರಸಾದ, ಪಕ್ಕದ ಮುಸಲ್ಮಾನರ ಮನೆಯಲ್ಲಿ ಅಲ್ಲಾನ ಮರ್ಜಿ, ಇವರಲ್ಲಿ ದೇವರ ಚಿತ್ತ. ಬೀದರಿನ ನೆಲದಲ್ಲಿ ಈ ಮೂರೂ ಒಂದೇ ಬಾವಿಯ ನೀರು ಕುಡಿದಿವೆ. ಅವುಗಳಲ್ಲಿರುವ ಬಲ ನನಗೆ ಗೊತ್ತು. ಅವು ಇಲ್ಲದಿದ್ದರೆ ಬರಗಾಲದ ವರ್ಷಗಳನ್ನು ನಮ್ಮ ಹಿರಿಯರು ದಾಟುತ್ತಿರಲಿಲ್ಲ. ಆದರೆ ಅವೇ ಮಾತುಗಳು ಲೈನು ಸರಿಮಾಡಬೇಕಾದವನಿಗೂ, ಗೇಟು ತೆಗೆಯುವ ಮುನ್ನ ಕೆಳಗಿನ ಊರಿಗೆ ತಿಳಿಸಬೇಕಾದವನಿಗೂ ಎಷ್ಟು ಅನುಕೂಲ!

ಊಟಕ್ಕೆ ಅನ್ನ, ಬೇಳೆ, ಬದನೆಕಾಯಿ. ಉಂಡು ಮುಗಿಸಿ ಕೈತೊಳೆಯುವಾಗ ತಾಯಿ ಪಾಸ್ಟರರನ್ನು ಒಳಗೆ ಕರೆದರು. ಗೆಳೆಯರು ನನ್ನನ್ನೂ ಕರೆದರು. ಒಳಕೋಣೆಯ ಗೂಡಿನಲ್ಲಿ ಬೈಬಲ್ಲು. ಅದಕ್ಕೆ ಗೊಬ್ಬರದ ಚೀಲದ ಬಿಳಿ ಪ್ಲಾಸ್ಟಿಕ್ ಕತ್ತರಿಸಿ ಹೊಲಿದ ಹೊದಿಕೆ, ಮೇಲೆ ದಾರದ ಗಂಟು. ಗಂಟು ಬಿಚ್ಚಿದರೆ ಒಳಗೆ ಪುಟಗಳ ನಡುನಡುವೆ ಕಾಗದಗಳು. ರೇಷನ್ ಕಾರ್ಡು, ಪಹಣಿ, ಬೆಳೆ ವಿಮೆಯ ರಸೀದಿ, ಮಗನ ಆಧಾರ್ ಕಾರ್ಡಿನ ಝೆರಾಕ್ಸು, ಪೊಲೀಸ್ ಠಾಣೆಯಲ್ಲಿ ಕೊಟ್ಟ ದೂರಿನ ಪ್ರತಿ. ಮಳೆ ಸೋರಿದರೂ ನೀರು ತಾಗದ ಜಾಗ ಮನೆಯಲ್ಲಿ ಅದೊಂದೇ ಎಂದು ಅಲ್ಲಿಟ್ಟಿದ್ದರು. ತಾಯಿಗೆ ಓದು ಬಾರದು. ಆದರೆ ಯಾವ ಕಾಗದ ಯಾವ ಪುಟಗಳ ನಡುವೆ ಇದೆ ಎಂದು ಬೆರಳಿಗೆ ಗೊತ್ತಿತ್ತು. ದೂರಿನ ಪ್ರತಿಯನ್ನು ತೆಗೆದದ್ದು ಕೀರ್ತನೆಗಳ ಪುಸ್ತಕದ ನಡುವಿನಿಂದ. ಕೀರ್ತನೆಗಳಲ್ಲಿ ದೇವರಿಗೆ ಹಾಡಿದಷ್ಟೇ ದೂರಿದ್ದೂ ಇದೆ. ಆಕೆ ನೋಡಿಕೊಂಡು ಇಟ್ಟದ್ದಲ್ಲ, ಪುಸ್ತಕದ ನಟ್ಟನಡುವೆ ಅದೇ ಬರುತ್ತದೆ.

ಪಾಸ್ಟರರು ಕನ್ನಡಕ ಏರಿಸಿ ಒಂದೊಂದೇ ಕಾಗದ ನೋಡಿದರು. ಮರಣೋತ್ತರ ಪರೀಕ್ಷೆಯ ವರದಿ ಬಂದಿಲ್ಲ. ವಿದ್ಯುತ್ ಪರಿವೀಕ್ಷಕರು ಸ್ಥಳ ನೋಡಿ ಬರೆದ ವರದಿ ಬೇಕು. ವಂಶಾವಳಿ ಮಾಡಿಸಬೇಕು. ಪರಿಹಾರದ ಅರ್ಜಿಯ ನಮೂನೆಯಲ್ಲಿ ಜಾತಿಯ ಕಾಲಂ ಬಂದಾಗ ಅವರ ಪೆನ್ನು ನಿಂತಿತು. "ಇಲ್ಲಿ ನಮ್ಮವರ ಕೈ ನಡುಗ್ತದ ಸರ್" ಎಂದರು. 1950ರ ಪರಿಶಿಷ್ಟ ಜಾತಿಗಳ ಆದೇಶದಲ್ಲಿ ಹಿಂದೂಗಳಿಗೆ ಮಾತ್ರ ಆ ಸ್ಥಾನ ಎಂದು ಬರೆದಿತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು, ಕ್ರೈಸ್ತರಿಗೆ ಮತ್ತು ಮುಸಲ್ಮಾನರಿಗೆ ಇಲ್ಲ. ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗವನ್ನು 2022ರಲ್ಲಿ ನೇಮಿಸಿದ್ದು ಇದನ್ನು ಪರಿಶೀಲಿಸಲೆಂದೇ. ಕೇರಿ ಅದೇ, ಬಾವಿ ಅದೇ, ಕಾಲಂ ಮಾತ್ರ ಬೇರೆ. ಹೀಗಾಗಿ ಎಷ್ಟೋ ಮನೆಗಳಲ್ಲಿ ಸಭೆಯಲ್ಲಿ ಕರೆಯುವ ಹೆಸರೊಂದು, ಶಾಲೆಯಲ್ಲಿ ಬರೆಸಿದ ಹೆಸರೊಂದು. ಮಗ ಸತ್ತ ಮನೆಯಲ್ಲಿ ಕೂತು ಇವೆರಡರಲ್ಲಿ ಯಾವುದನ್ನು ಬರೆಯಬೇಕೆಂದು ಯೋಚಿಸುವ ಸಂಕಟವನ್ನು ನಾನು ಹಿಂದೆಂದೂ ನೋಡಿರಲಿಲ್ಲ.

"ಅವ್ವಾ, ದೇವರ ಮ್ಯಾಲ ಸಿಟ್ಟು ಬರಲ್ಲೇನ್ರಿ?" ಎಂದು ಕೇಳಿದೆ. ಕೇಳಬಾರದಿತ್ತೇನೋ. ಆಕೆ ಬೇಸರ ಮಾಡಿಕೊಳ್ಳಲಿಲ್ಲ.

"ಬರಲ್ಲಂತ ಸುಳ್ಳ್ಯಾಕ ಹೇಳ್ಲಿ? ಬರ್ತದ. ಬಂದಾಗ ಪ್ರಾರ್ಥನಾ ಮಾಡ್ತೀನಿ. ಅಂವನ ಮುಂದ ಸಿಟ್ಟು ಮಾಡ್ದೆ ಇನ್ಯಾರ ಮುಂದ ಮಾಡ್ಲಿ? ಉಳಿದೋರು ಎದ್ದು ಹೋಗ್ತಾರ."

ಪಾಸ್ಟರರಿಗೆ ಸಂಜೆ ಔರಾದಿನ ಕಡೆ ಇನ್ನೊಂದು ಮನೆಯ ಪ್ರಾರ್ಥನೆಯಿತ್ತು. ನನಗೂ ಅಲ್ಲಿಂದ ಬೀದರಿಗೆ ಬಸ್ಸು ಸಿಗುತ್ತದೆಂದು ಜೊತೆಗೇ ಹೊರಟೆ. ಮಾಂಜ್ರಾ ದಾಟುವಾಗ ನೀರು ಕೆಂಪಗೆ, ದಂಡೆಯ ಜಾಲಿ ಗಿಡಗಳಿಗೆ ಹುಲ್ಲು, ಪ್ಲಾಸ್ಟಿಕ್ಕು ಸಿಕ್ಕಿಕೊಂಡು ಏರಿದ ನೆರೆಯ ಗುರುತು ಕಾಣುತ್ತಿತ್ತು.

"ಮುಂಜಾನೆ ನೀವು ಅಂದ ಮಾತು ನಿಮ್ಮ ಸಭೆಯವರಿಗೆ ಸರಿಬಂತಾ?" ಎಂದು ಕೇಳಿದೆ.

"ಕೆಲವರಿಗಿ ಬಂದಿಲ್ರಿ. ಆ ಬೋಧಕರು ಫೋನ್ ಮಾಡ್ತಾರ ಇವತ್ತು ರಾತ್ರಿ" ಎಂದು ನಕ್ಕರು. ಮತ್ತೆ ತಾವಾಗಿಯೇ ಮಾತು ಬಿಚ್ಚಿದರು. ಅವರ ಸಭೆಯ ಮೂಲಪುರುಷ ಜಾನ್ ವೆಸ್ಲಿಗೂ ಇದೇ ಗೊಂದಲ. 1755ರ ಆಗಸ್ಟಿನಲ್ಲಿ ಆತ ಲಂಡನ್ನಿನಲ್ಲಿ ಮೊದಲ ಸಲ ಒಡಂಬಡಿಕೆಯ ಆರಾಧನೆ ನಡೆಸಿದ. ಕೆಲಸ ಕೊಟ್ಟರೂ ಸರಿ, ಬದಿಗಿಟ್ಟರೂ ಸರಿ, ನಾನು ನಿನ್ನವನು ಎಂದು ಭಕ್ತರು ತಮ್ಮನ್ನು ಪೂರ್ತಿ ಒಪ್ಪಿಸಿಕೊಳ್ಳುವ ಆರಾಧನೆ. ಹೊಸ ವರ್ಷದ ಹೊತ್ತಿಗೆ ಮೆಥೋಡಿಸ್ಟರು ಈಗಲೂ ಅದನ್ನು ಮಾಡುತ್ತಾರೆ. ಆ ಮೊದಲ ಆರಾಧನೆಯಾಗಿ ಮೂರು ತಿಂಗಳು ತುಂಬುವ ಮುನ್ನ, ನವೆಂಬರ್ 1ರಂದು, ಲಿಸ್ಬನ್ ನಗರ ಭೂಕಂಪದಲ್ಲಿ ನೆಲಸಮವಾಯಿತು. ಸರ್ವಸಂತರ ಹಬ್ಬದ ದಿನ, ಜನ ಚರ್ಚುಗಳಲ್ಲಿ ತುಂಬಿದ್ದ ಹೊತ್ತು. ವೆಸ್ಲಿ ಒಂದು ಪುಸ್ತಿಕೆ ಬರೆದು ಇದು ದೇವರ ಎಚ್ಚರಿಕೆ ಎಂದ. "ಅಷ್ಟು ದೊಡ್ಡ ಮನುಷ್ಯಾನೂ ಹಂಗ ಅಂದ ನೋಡ್ರಿ" ಎಂದರು ಪಾಸ್ಟರರು, ಮನೆಯ ಹಿರಿಯರ ತಪ್ಪನ್ನು ಹೇಳುವ ದನಿಯಲ್ಲಿ.

ಅವರು ಕಣ್ಣಾರೆ ಕಂಡ ಲಿಸ್ಬನ್ ಕಿಲ್ಲಾರಿ. 1993ರ ಸೆಪ್ಟೆಂಬರ್ 30, ನಸುಕಿನ ನಾಲ್ಕಕ್ಕೆ ನಾಲ್ಕು ನಿಮಿಷ ಕಡಿಮೆ. ಹಿಂದಿನ ರಾತ್ರಿ ಗಣಪತಿ ಕಳಿಸಿ ಬಂದು ಜನ ಮಲಗಿದ್ದರು. ಭಾಲ್ಕಿಯಲ್ಲೂ ಬೀದರಿನಲ್ಲೂ ನೆಲ ನಡುಗಿತು, ಲಾತೂರಿನ ಕಡೆ ಹತ್ತಿರಹತ್ತಿರ ಹತ್ತು ಸಾವಿರ ಜನ ಸತ್ತರು. ಆಗ ಹರೆಯದ ಸುವಾರ್ತಿಕರಾಗಿದ್ದ ಇವರು ರೊಟ್ಟಿ ಗಂಟು ಕಟ್ಟಿಕೊಂಡು ಸಭೆಯವರೊಡನೆ ಹೋಗಿದ್ದರಂತೆ. ಜನ ಯಾಕೆ ಸತ್ತರೆಂದು ಅಲ್ಲಿ ಕಲ್ಲು ಎತ್ತುವಾಗ ಗೊತ್ತಾಯಿತು. ದಪ್ಪ ಕಲ್ಲಿನ ಗೋಡೆ, ನಡುವೆ ಬರೀ ಕೆಸರು, ಮೇಲೆ ಮೊಳಗಟ್ಟಲೆ ಮಣ್ಣು ಹೊತ್ತ ಮಾಳಿಗೆ. ಬಿಸಿಲಿಗೆ ತಂಪೆಂದು ನಮ್ಮ ಸೀಮೆಯೆಲ್ಲ ಕಟ್ಟುವ ಮನೆ. ಕಂಪಿಸಿದ್ದು ಭೂಮಿ, ಕೊಂದದ್ದು ಮಾಳಿಗೆ. ಯಾರ ಪಾಪಕ್ಕೆ ಯಾರು ಸತ್ತರೆಂದು ಆ ದಿನಗಳಲ್ಲಿ ಊರೂರಲ್ಲಿ ಲೆಕ್ಕ ಹಾಕುವವರಿದ್ದರು. ಇವರ ಸಭೆಯಲ್ಲೂ ಇದ್ದರು.

"ಅದು ತಪ್ಪಂತ ಆವತ್ತೇ ಗೊತ್ತಾಗಿತ್ತು. ಆದ್ರೂ ಮಣ್ಣಿಗಿ ಹೋದಾಗ ಬಾಯಾಗ ಅದೇ ಮಾತು ಬರ್ತಿತ್ತು. ರೂಢಿ. ಬಂದ್ ಆಗಿದ್ದು ಕೊರೊನಾದಾಗ." 2021ರ ಏಪ್ರಿಲ್, ಮೇ. ಪ್ಲಾಸ್ಟಿಕ್ ಕಿಟ್ಟು ಹಾಕಿಕೊಂಡು, ಮನೆಯವರು ದೂರ ನಿಂತು ನೋಡುತ್ತಿದ್ದಾಗ, ತಾವೇ ದೀಕ್ಷಾಸ್ನಾನ ಕೊಟ್ಟವರನ್ನು ಮಣ್ಣು ಮಾಡಿದ್ದಾರೆ. ಆಕ್ಸಿಜನ್ ಸಿಗದೆ ಹೋದವರೂ ಅದರಲ್ಲಿದ್ದರು. ಒಂದು ಸಂಜೆ ಗೋರಿಯ ಮುಂದೆ ನಿಂತು ಎಂದಿನಂತೆ ಹೇಳಲು ಹೋದರೆ ಮಾತು ಹೊರಬೀಳಲಿಲ್ಲವಂತೆ. ಕರ್ತನ ಪ್ರಾರ್ಥನೆಯನ್ನು ಮಾತ್ರ ಹೇಳಿ ಬಂದರಂತೆ.

ಆ ಹೊತ್ತಿನಲ್ಲಿ ಯಾರೋ ಕೊಟ್ಟ ಒಂದು ಚಿಕ್ಕ ಪುಸ್ತಕ ಅವರಿಗೆ ಆಸರೆಯಾಯಿತು. ಲೆಸ್ಲಿ ವೆದರ್‌ಹೆಡ್ ಎಂಬ ಮೆಥೋಡಿಸ್ಟ್ ಬೋಧಕ ಎರಡನೇ ಮಹಾಯುದ್ಧದ ನಡುವೆ, 1944ರಲ್ಲಿ, ಲಂಡನ್ನಿನಲ್ಲಿ ದೇವರ ಚಿತ್ತದ ಬಗ್ಗೆ ಮಾಡಿದ ಪ್ರಸಂಗಗಳು. ಅವನ ಚರ್ಚನ್ನೇ ಬಾಂಬು ಸುಟ್ಟಿತ್ತು. ಹಿಂದೆ ಮದ್ರಾಸಿನಲ್ಲಿ ಕೆಲಸ ಮಾಡಿದವನು. ಪುಸ್ತಕದಲ್ಲಿ ಭಾರತದ್ದೇ ಒಂದು ಪ್ರಸಂಗವಿದೆ. ಕಾಲರಾಕ್ಕೆ ಮಗನನ್ನು ಕಳೆದುಕೊಂಡ ಗೆಳೆಯ ಇದು ದೇವರ ಚಿತ್ತ ಎನ್ನುತ್ತಾನೆ. ಅಲ್ಲೇ ಮಲಗಿದ್ದ ಪುಟ್ಟ ಮಗಳನ್ನು ತೋರಿಸಿ ವೆದರ್‌ಹೆಡ್ ಕೇಳುತ್ತಾನೆ, ಈಗ ಯಾರಾದರೂ ಬಂದು ಬೇಕೆಂದೇ ಕಾಲರಾ ಸೋಂಕಿದ ಹತ್ತಿಯನ್ನು ಈ ಮಗುವಿನ ಬಾಯಿಗೆ ಒತ್ತಿದರೆ ಏನು ಮಾಡುವೆ? ಕೊಲ್ಲುವೆ ಎನ್ನುತ್ತಾನೆ ಗೆಳೆಯ. ಹಾಗಾದರೆ ಮನುಷ್ಯ ಮಾಡಿದರೆ ಕೊಲೆಯಾಗುವುದನ್ನು ದೇವರ ತಲೆಗೆ ಯಾಕೆ ಕಟ್ಟುತ್ತೀಯ? ದೇವರು ಮೊದಲು ಬಯಸಿದ್ದು ಒಂದು, ಕೆಟ್ಟ ಪರಿಸ್ಥಿತಿಯ ನಡುವೆ ಆತ ನಮ್ಮಿಂದ ಬಯಸುವುದು ಇನ್ನೊಂದು, ಕಡೆಗೆ ಆತ ಮುಟ್ಟಿಯೇ ತೀರುವ ಗುರಿ ಮತ್ತೊಂದು ಎಂದು ಮೂರಾಗಿ ಬಿಡಿಸಿ ಹೇಳಿದ. ದೇವತಾಶಾಸ್ತ್ರ ಓದಿದವರು ಇದರಲ್ಲಿ ನೂರು ತೊಡಕು ತೆಗೆಯಬಹುದು. ಎಲ್ಲವನ್ನೂ ತಡೆಯಬಲ್ಲ ದೇವರು ಯಾಕೆ ತಡೆಯಲಿಲ್ಲ ಎಂಬುದು ಅಲ್ಲೇ ಉಳಿಯುತ್ತದೆ. ಉಳಿಯಲಿ ಬಿಡಿ. ಯೋಬನ ಗ್ರಂಥದಲ್ಲೂ ಅದು ಉಳಿದಿದೆ. ಯೋಬ ಕೇಳಿದ್ದಕ್ಕೆ ದೇವರು ಉತ್ತರ ಹೇಳುವುದಿಲ್ಲ, ಬಿರುಗಾಳಿಯೊಳಗಿಂದ ತಾನೇ ಪ್ರಶ್ನೆ ಕೇಳುತ್ತಾನೆ. ಆದರೆ ಕೊನೆಗೆ ಬೈಸಿಕೊಳ್ಳುವವರು ದೇವರ ಪರ ವಕಾಲತ್ತು ಮಾಡಿದ ಗೆಳೆಯರು. ದೇವರ ಜೊತೆ ಜಗಳಕ್ಕೆ ನಿಂತ ಯೋಬನೇ ಸರಿಯಾಗಿ ಮಾತಾಡಿದ ಎಂಬ ತೀರ್ಪು ಸಿಗುತ್ತದೆ.

ಮೆಹಕರದ ತಾಯಿ ಯೋಬನ ಕಡೆಯವರು. ನಂಬಿಕೆಯೆಂದರೆ ಪ್ರಶ್ನೆ ನಿಲ್ಲಿಸುವುದು ಎಂದು ನಾನು ತಿಳಿದಿದ್ದೆ. ಹೊರಗಿನಿಂದ ನೋಡುವವರಿಗೆ ಹಾಗೇ ಕಾಣುತ್ತದೆ. ಆಕೆಗೆ ಅದು ಪ್ರಶ್ನೆ ಕೇಳಲು ಒಬ್ಬರು ಎದುರಿಗಿದ್ದಾರೆ ಎಂಬ ಭರವಸೆ. ಗೆತ್ಸೇಮನೆ ತೋಟದ ರಾತ್ರಿ ಯೇಸು ತಂದೆಯ ಚಿತ್ತಕ್ಕೆ ತಲೆಬಾಗಿದ್ದನ್ನು ಎಲ್ಲರೂ ನೆನೆಯುತ್ತಾರೆ. ಅದಕ್ಕೆ ಮೊದಲು ಈ ಪಾತ್ರೆಯನ್ನು ನನ್ನಿಂದ ದೂರ ಮಾಡು ಎಂದು ಬೇಡಿಕೊಂಡದ್ದನ್ನೂ, ಬೆವರು ರಕ್ತದಂತೆ ಸುರಿದದ್ದನ್ನೂ ಶಾಮಿಯಾನದ ಕೆಳಗೆ ಯಾರೂ ಹೇಳುವುದಿಲ್ಲ. ಒಪ್ಪಿಸಿಕೊಳ್ಳುವ ಮಾತು ಆ ಬೇಡಿಕೆಯ ಬೆನ್ನಿಗೆ ಬಂದದ್ದು, ಅದೂ ಸಾವು ಎದುರಾಗಿದ್ದವನ ಬಾಯಿಂದಲೇ. ಪಕ್ಕದಲ್ಲಿದ್ದ ಶಿಷ್ಯರು ಅವನಿಗೆ ಅದನ್ನು ಬೋಧಿಸಲಿಲ್ಲ. ಅವರು ನಿದ್ದೆ ಹೋಗಿದ್ದರು. ಅಷ್ಟರಮಟ್ಟಿಗೆ ಅವರು ನಮ್ಮ ಅನೇಕ ಬೋಧಕರಿಗಿಂತ ವಾಸಿ.

ಔರಾದ ಬಂತು. ಅಮರೇಶ್ವರನ ಊರು, ನೀರಿಗೆ ಬಡವಾದ ತಾಲ್ಲೂಕು, ಇಲ್ಲಿಂದ ಹೈದರಾಬಾದಿಗೆ ದುಡಿಯಲು ಹೋಗುವವರ ಸಾಲು ಮುಗಿಯುವುದಿಲ್ಲ. ಬಸ್‌ನಿಲ್ದಾಣದ ಪಕ್ಕದ ಝೆರಾಕ್ಸ್ ಅಂಗಡಿಯ ಮುಂದೆ ಪಾಸ್ಟರರು ಗಾಡಿ ನಿಲ್ಲಿಸಿ, ತಮ್ಮ ಬೈಬಲ್ಲಿನೊಳಗೆ ಇಟ್ಟು ತಂದಿದ್ದ ಆ ತಾಯಿಯ ಕಾಗದ ತೆಗೆದು ಎರಡೆರಡು ಪ್ರತಿ ಮಾಡಿಸಿದರು. ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಆ ಬೋಧಕರದೇ ಇರಬೇಕೆಂದುಕೊಂಡೆ. ಅಲ್ಲ, ಆ ತಾಯಿ. ಮಗ ತಂತಿಯ ಬಗ್ಗೆ ಬರೆದುಕೊಟ್ಟಿದ್ದ ಹಳೆಯ ಅರ್ಜಿಯೊಂದು, ಸ್ವೀಕೃತಿಯ ಠಸ್ಸೆ ಇರುವುದು, ಅವನ ಅಂಗಿಯ ಜೇಬಿನಲ್ಲಿ ಸಿಕ್ಕಿದೆಯಂತೆ. ನೀರಿನಲ್ಲಿ ನೆಂದಿಲ್ಲ, ತಾರೀಖು ಓದಲು ಬರುತ್ತದೆ ಎಂದು ಪಕ್ಕದ ಮನೆ ಹುಡುಗ ಹೇಳಿದ್ದಾನಂತೆ.

ಪಾಸ್ಟರರು ಅಂಗಡಿಯ ಕಟ್ಟೆಯ ಮೇಲೆ ಕೂತೇಬಿಟ್ಟರು.

"ಯಾರ ಕೈಯಾಗೂ ಕೊಡಬ್ಯಾಡ್ರಿ ತಂಗೆಮ್ಮ. ಅಸಲು ನಿಮ್ಮ ಕಡೆ ಇರಲಿ, ಮೊಬೈಲ್‌ನ್ಯಾಗ ಫೋಟೊ ತೆಗಸ್ರಿ. ಸೋಮವಾರ ಹತ್ತಕ್ಕ ನಾ ಕಚೇರಿ ಮುಂದ ಇರ್ತೀನಿ. ಹಾಂ, ಊಟ ಮಾಡ್ರಿ ಮೊದಲ."